ಯಾರ ಕಣ್ಣಿಗೂ ಬೀಳದ ಚೀಲ

ರೋಣದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಹೆಣ್ಣುಮಗಳು ಫೋಟೋ ತೆಗೆಯುತ್ತಾಳೆ ಎಂಬ ಕಾರಣಕ್ಕೆ ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಅರಿಷಿಣ ಹಚ್ಚುವ ಶಾಸ್ತ್ರ ಇಂಥವಕ್ಕೆಲ್ಲ ಮೊದಲು ನನ್ನನ್ನೇ ಕರೆಯುತ್ತಾರೆ. ಗಂಡಸರು ಹೋಗಬಾರದ ಕೋಣೆಗೆ ನಾನು ಹೋಗಬಹುದು. ಗಂಡಸರು ತುಂಬಿದ ಪಡಸಾಲೆಗೂ ಹೋಗಬಹುದು, ಏಕೆಂದರೆ ಹೆಗಲ ಮೇಲೆ ಕ್ಯಾಮೆರಾ ಬ್ಯಾಗು ಇರುತ್ತದೆ. ಅದು ಇದ್ದರೆ ನಾನು ಹೆಂಗಸೂ ಅಲ್ಲ, ಗಂಡಸೂ ಅಲ್ಲ, ಫೋಟೋದವಳು.

ಆ ಬ್ಯಾಗು ಕಪ್ಪು ಬಣ್ಣದ್ದು, ದೊಡ್ಡದು. ಮೇಲೆ ಕಂಪನಿಯ ಹೆಸರು ದೂರದಿಂದ ಓದುವಷ್ಟು ದಪ್ಪಕ್ಕೆ ಇದೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರಿನ ಮಂದಿ ನನ್ನ ಮುಖ ಮರೆತರೂ ಬ್ಯಾಗನ್ನು ಮರೆಯುವುದಿಲ್ಲ. ಅದು ಕಂಡ ಕೂಡಲೇ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಾರೆ. ಒಮ್ಮೆ ಜ್ವರ ಬಂದು ದವಾಖಾನೆಗೆ ಹೋದಾಗ ಕಾಂಪೌಂಡರ್ ನನ್ನನ್ನು ನೋಡಿ, "ಯಾರ ಲಗ್ನರಿ?" ಎಂದು ಕೇಳಿದ. ಇನ್ನೊಮ್ಮೆ ಹತ್ತಿರದ ಸೂಡಿ ಊರಿನ ಹಳೆಯ ಹೊಂಡದ ಬಳಿ ಮುದುಕಿಯೊಬ್ಬಳು ಆಡಿನ ಮರಿಗೆ ಬೊಗಸೆಯಲ್ಲಿ ನೀರು ಕುಡಿಸುತ್ತಿದ್ದಳು. ನಾನು ಬ್ಯಾಗಿನ ಜಿಪ್ ಎಳೆಯುವಷ್ಟರಲ್ಲಿ ಮರಿಯನ್ನು ಬಿಟ್ಟು, ಕೈ ಕೆಳಗೆ ಇಳಿಬಿಟ್ಟು, ಆಧಾರ್ ಕಾರ್ಡಿಗೆ ನಿಂತ ಹಾಗೆ ನಿಂತಳು. ಮರಿ ಮಾತ್ರ ನೀರಿಗಾಗಿ ಅವಳ ಸೀರೆ ಜಗ್ಗುತ್ತಿತ್ತು.

ಹೀಗಾಗಿ ಇಷ್ಟು ವರ್ಷ ಫೋಟೋ ತೆಗೆದರೂ, ತೆಗೆಯುತ್ತಿದ್ದಾರೆಂದು ಗೊತ್ತಿಲ್ಲದ ಮನುಷ್ಯನ ಫೋಟೋ ನನ್ನ ಹತ್ತಿರ ಒಂದೂ ಇಲ್ಲ. ಒಂದು ಇದೆ, ಆದರೆ ಅದು ನಾನು ತೆಗೆದದ್ದಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ನನ್ನ ಅವ್ವ ನಿಂತಿರುವ ಫೋಟೋ. ಎಲ್ಲರೂ ಮುಂದೆ ನೋಡುತ್ತಿರುವಾಗ ಅವಳು ಸೆರಗು ಸಿಕ್ಕಿಸಿಕೊಳ್ಳಲು ಪಕ್ಕಕ್ಕೆ ತಿರುಗಿದ್ದಾಳೆ. ಮುಖ ಅರ್ಧ ಕಾಣುತ್ತದೆ, ಅದೂ ಮಸುಕು. ಉಟ್ಟ ಸೀರೆ ಮಾತ್ರ ಸ್ಪಷ್ಟ. ನಾನು ಚಿಕ್ಕವಳಿದ್ದಾಗಲೇ ಅವಳು ತೀರಿಕೊಂಡಳು. ಅವಳದೆಂದು ಮನೆಯಲ್ಲಿ ಉಳಿದದ್ದು ಎರಡೇ, ಆ ಫೋಟೋ ಮತ್ತು ಆ ಸೀರೆ. ಸಾಸಿವೆ ಬಣ್ಣದ ಒಡಲು, ಕೆಂಪು ಅಂಚು, ಗಜೇಂದ್ರಗಡದ ಮಗ್ಗದಲ್ಲಿ ನೇಯ್ದ ಪಟ್ಟೇದ ಅಂಚಿನ ಹತ್ತಿ ಸೀರೆ. ಅದನ್ನು ನಾನು ಉಡುವುದಿಲ್ಲ. ಟ್ರಂಕಿನಲ್ಲಿದೆ ಎಂದು ಗೊತ್ತಿದ್ದರೆ ಸಾಕು.

ನನ್ನನ್ನು ಬೆಳೆಸಿದ್ದು ಚಿಗವ್ವ, ಅಂದರೆ ಅವ್ವನ ತಂಗಿ. ಈಗಲೂ ನಾವಿಬ್ಬರೇ ಇರುವುದು. ಮದುವೆಯ ಹಂಗಾಮಿನಲ್ಲಿ ನಾನು ಮನೆಗೆ ಬರುವುದು ತಡವಾದರೆ ಅವಳು ಬಯ್ಯುವುದಿಲ್ಲ, ಮರುದಿನ ಪಲ್ಲೆಗೆ ಖಾರ ಹೆಚ್ಚು ಹಾಕುತ್ತಾಳೆ.

ಹುಬ್ಬಳ್ಳಿಯಿಂದ ಹೊರಡುವ ಒಂದು ಪ್ರವಾಸದ ಗುಂಪಿಗೆ ನಾನು ಹೆಸರು ಕೊಟ್ಟೆ. ನ್ಯೂಜಿಲೆಂಡಿಗೆ. ಯಾರೂ ನನ್ನನ್ನು ಗುರುತು ಹಿಡಿಯದ ಕಡೆ ಹೋಗಬೇಕೆಂಬುದು ನನ್ನ ಆಸೆ. ಭೂಪಟದಲ್ಲಿ ರೋಣದಿಂದ ಅದಕ್ಕಿಂತ ದೂರ ಯಾವುದೂ ಕಾಣಲಿಲ್ಲ. ಹೆಸರು ಕೊಟ್ಟ ಮೇಲೆ ತಿಳಿಯಿತು, ಅದೇ ಗುಂಪಿನಲ್ಲಿ ನರಗುಂದದ ಕಾಳಿನ ವ್ಯಾಪಾರಿ ಸಾಹುಕಾರರು ಮತ್ತು ಅವರ ಹೆಂಡತಿಯೂ ಇದ್ದರು. ಅವರ ಮಗಳ ಮದುವೆಯ ಫೋಟೋ ತೆಗೆದವಳು ನಾನೇ. ಸಾಹುಕಾರರು ಫೋನು ಮಾಡಿ, "ಚಲೋ ಆತು ಬಿಡ್ರಿ ಅಕ್ಕಾರ, ಫೋಟೋದ ಚಿಂತಿ ಹೋತು," ಎಂದರು.

ಕ್ಯಾಮೆರಾ ಒಯ್ಯುವುದು ಸಣ್ಣ ಮಾತಲ್ಲ. ಸ್ಟುಡಿಯೋದಲ್ಲಿ ಕೆಲಸಕ್ಕೆ ಬರುವುದು ಅದೊಂದೇ, ಮರಳಿ ಬಂದ ಮೇಲೆ ಮದುವೆಗಳು ಸಾಲಾಗಿ ನಿಂತಿದ್ದವು. ಪರದೇಶದಲ್ಲಿ ಕಳ್ಳರು ಮನುಷ್ಯರನ್ನು ನೋಡುವುದಿಲ್ಲ, ಬ್ಯಾಗು ನೋಡುತ್ತಾರೆ ಎಂದು ಪ್ರವಾಸದ ಮ್ಯಾನೇಜರ್ ಹೇಳಿದ. ಕರಿ ಬ್ಯಾಗು ಬೇಡವೇ ಬೇಡ ಎಂದಾಯಿತು. ಯಾರ ಕಣ್ಣಿಗೂ ಬೀಳದ ಚೀಲ ಬೇಕಾಯಿತು. ಅಂಥದ್ದು ನಮ್ಮ ಊರಲ್ಲಿ ಸಿಗುವುದಿಲ್ಲ ಎಂಬುದು ಹುಡುಕಲು ಶುರುಮಾಡಿದ ಮೇಲೆ ಗೊತ್ತಾಯಿತು.

ಮೊದಲು ಮದುವೆಯಲ್ಲಿ ಕೊಡುವ ಬಟ್ಟೆಯ ಕೈಚೀಲ ನೋಡಿದೆ. ಮನೆಯಲ್ಲಿ ಒಂದು ರಾಶಿ ಇವೆ. ರೋಣದಲ್ಲಿ ಅದನ್ನು ಹಿಡಿಯದವರಿಲ್ಲ, ಆದ್ದರಿಂದ ಯಾರೂ ನೋಡುವುದಿಲ್ಲ ಎಂದುಕೊಂಡೆ. ಒಂದರಲ್ಲಿ ಕ್ಯಾಮೆರಾ ಹಾಕಿಕೊಂಡು ಪರೀಕ್ಷೆಗೆಂದು ಗಜೇಂದ್ರಗಡದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸು ಚೀಲದ ಮೇಲಿದ್ದ ವಧೂವರರ ಹೆಸರು ಓದಿದಳು, ವರನ ಡಿಗ್ರಿಯನ್ನೂ ಓದಿದಳು. ಆಮೇಲೆ, "ಈ ಹುಡುಗಿ ನಮ್ಮ ಭಾವನ ಮಗಳ್ರಿ. ಆ ಲಗ್ನದಾಗ ನಿಮ್ಮನ್ನ ನೋಡಿದ ನೆನಪಿಲ್ಲಲ್ಲ?" ಎಂದಳು. ನಾನು ಆ ಮದುವೆಯಲ್ಲಿ ಎರಡು ದಿನ ಅವಳ ಎದುರಿಗೇ ನಿಂತಿದ್ದೆ. ಗಜೇಂದ್ರಗಡ ಬರುವವರೆಗೆ ಅವಳು ಬೀಗರ ಕಥೆ ಹೇಳಿದಳು.

ಬೀಜದ ಕಂಪನಿಯವರು ಕೊಟ್ಟ ಚೀಲ ಹಿಡಿದರೆ ಚಿಕ್ಕನರಗುಂದದ ರೈತರೊಬ್ಬರು ಈ ಸಲ ಯಾವ ತಳಿ ಬಂದಿದೆ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದದ್ದಕ್ಕೆ ಅವರಿಗೆ ಬೇಸರವಾಯಿತು. ಬುತ್ತಿಯ ಚೀಲ ಹಿಡಿದು ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತರೆ ಎದುರಿನ ಬೆಂಚಿನವರು ಏನು ಪಲ್ಲೆ ಎಂದು ವಿಚಾರಿಸಿದರು. ಕೊನೆಗೆ ಆನ್‌ಲೈನಿನಲ್ಲಿ ಒಂದು ತರಿಸಿದೆ. ಇದರಲ್ಲಿ ಕ್ಯಾಮೆರಾ ಇದೆ ಎಂದು ಯಾರಿಗೂ ತಿಳಿಯುವುದಿಲ್ಲ ಎಂದು ಅದರ ಜಾಹೀರಾತಿನಲ್ಲಿ ಇತ್ತು. ಬೂದು ಬಣ್ಣ, ಹೊರಗೆ ಒಂದು ಜಿಪ್ಪೂ ಕಾಣುವುದಿಲ್ಲ. ಅದನ್ನು ಹಾಕಿಕೊಂಡು ಸಾಹುಕಾರರ ಅಂಗಡಿಗೆ ಹೋದೆ. ಅವರು ತೂಕದ ಕಾಟಾ ಬಿಟ್ಟು ಎದ್ದು ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

"ಇದರಾಗ ಏನ ಮುಚ್ಚಿ ಇಟ್ಟೀರಿ ಅಕ್ಕಾರ?" ಎಂದರು.

"ಏನೂ ಇಲ್ರಿ."

"ಏನೂ ಇಲ್ಲಂದ್ರ ಇಷ್ಟ್ಯಾಕ ಮುಚ್ಚೀರಿ?"

ಅವರ ಮಾತು ಖರೆ ಇತ್ತು. ಬೂದು ಚೀಲವನ್ನು ಮರಳಿ ಕಳಿಸಿದೆ.

ಇದನ್ನೆಲ್ಲ ಚಿಗವ್ವ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಅವಳು ಒಂದು ಕಾಲಕ್ಕೆ ಓಣಿಗೆಲ್ಲ ಹಾಸಿ ಹೊದೆಯುವ ಕೌದಿ ಹೊಲಿದುಕೊಟ್ಟವಳು. ಹಳೆಯ ಸೀರೆ, ಧೋತರ, ಅಂಗಿ ಏನಿದ್ದರೂ ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹಚ್ಚಿ, ಸಾಲು ಟಾಕು ಹಾಕಿ ಹೊಲಿಯುತ್ತಿದ್ದಳು. ಕಣ್ಣು ಮಬ್ಬಾದ ಮೇಲೆ ಬಿಟ್ಟಿದ್ದಳು. ಬೂದು ಚೀಲ ವಾಪಸ್ಸು ಹೋದ ದಿನ ನನ್ನನ್ನು ಕರೆದು ಹೇಳಿದಳು.

"ಕೌದಿ ಕಳುವು ಮಾಡಿದ್ದು ಎಲ್ಲೆರ ಕೇಳೀಯೇನು?"

"ಇಲ್ಲಬೇ."

"ಮತ್ತ? ಕೌದಿದ ಒಂದು ಚೀಲ ಹೊಲೀತೀನಿ. ಮೆತ್ತಗೂ ಇರ್ತೈತಿ, ಯಾರೂ ನೋಡೂದೂ ಇಲ್ಲ. ಸೂಜ್ಯಾಗ ದಾರ ನೀ ಪೋಣಿಸಿ ಕೊಡು."

ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಬೆಳಿಗ್ಗೆ ಸ್ಟುಡಿಯೋಕ್ಕೆ ಹೋಗುವ ಮೊದಲು ಒಂದಿಷ್ಟು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಹೋಗುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಸೂಜಿಗಳೆಲ್ಲ ಬರಿದಾಗಿರುತ್ತಿದ್ದವು. ಕಣ್ಣು ಕಾಣದಿದ್ದರೂ ಟಾಕು ಮೊದಲಿನ ಹಾಗೇ ಬೀಳುತ್ತಿದ್ದವು, ಬೆರಳಿಗೆ ಕಣ್ಣಿನ ಹಂಗು ಇರಲಿಲ್ಲ. ಹೊರಗಡೆ ನನ್ನ ಸಾಲಿಯ ಯೂನಿಫಾರ್ಮಿನ ನೀಲಿ ತುಂಡು, ಯಾವುದೋ ಶಾಮಿಯಾನದ ಗುಲಾಬಿ ಬಟ್ಟೆ, ಅವಳದೇ ಹಸಿರು ಸೀರೆಯ ಪಟ್ಟಿ. ಹೆಗಲಿಗೆ ಹಾಕಲು ಅಗಲವಾದ ಬಾರು. ಒಳಗೆ ಕ್ಯಾಮೆರಾ ಇಟ್ಟರೆ ತೊಟ್ಟಿಲಲ್ಲಿ ಕೂಸು ಇಟ್ಟ ಹಾಗೆ ಕೂತಿತು.

ಊಟದ ವಿಷಯವನ್ನು ನಾನು ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದೆ. ಆ ದೇಶದಲ್ಲಿ ಹೊರಗಿನ ಕಾಳು, ಹಣ್ಣು, ಬೀಜ ಒಳಗೆ ಬಿಡುವುದಿಲ್ಲ. ರೊಟ್ಟಿ, ಚಟ್ನಿ, ಉಂಡಿ ಏನೂ ಕಟ್ಟಿ ಕೊಡಬೇಡ ಎಂದಿದ್ದೆ. ನಮ್ಮ ಕಡೆ ಗದಗಿಗೆ ಹೋಗಿ ಬರುವವರಿಗೂ ಬುತ್ತಿ ಕಟ್ಟದೆ ಕಳಿಸುವುದಿಲ್ಲ. ಚಿಗವ್ವ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಅವಳು, "ಆತು, ನಿನಗೇನೂ ಕೊಡೂದಿಲ್ಲ," ಎಂದು ಒಂದೇ ಮಾತಿಗೆ ಒಪ್ಪಿದಳು. ನಾನು ಅಲ್ಲಿಯೇ ಎಚ್ಚರಾಗಬೇಕಿತ್ತು.

ಹೊರಡುವ ದಿನ ಬೆಳಿಗ್ಗೆ ಶಾಲು ತೆಗೆಯಲೆಂದು ಟ್ರಂಕು ತೆರೆದೆ. ಅವ್ವನ ಸೀರೆ ಇರಲಿಲ್ಲ. ಚೀಲದ ಒಳಗೆ ಕೈ ಹಾಕಿ ಅಸ್ತರು ಸರಿಸಿ ನೋಡಿದೆ. ಮೂಲೆಯಲ್ಲಿ ಎರಡು ಬೆರಳು ಅಗಲ ಕೆಂಪು ಅಂಚು ಕಾಣಿಸಿತು.

"ಅವ್ವನ ಸೀರಿ ಎಲ್ಲೈತಿ?"

"ಚೀಲಕ್ಕ ಹಾಕೇನಿ," ಎಂದಳು ಚಿಗವ್ವ. ಬಾಗಿಲಿಗೆ ನೀರು ಹಾಕುತ್ತಿದ್ದಳು, ತಿರುಗಿ ಸಹ ನೋಡಲಿಲ್ಲ.

"ಚಲೋ ಸೀರಿ ಇತ್ತಲ್ಲಬೇ ಅದು."

"ಹರಕ ಸೀರಿ ಮ್ಯಾಲೆ ಕ್ಯಾಮೆರಾ ಇಡ್ತಾರೇನು?"

ಟ್ರಂಕಿನಲ್ಲಿ ಬೇರೆ ಸೀರೆಗಳೂ ಇದ್ದವು. ಅದನ್ನೇ ಕತ್ತರಿಸಬೇಕೇ? ಸಿಟ್ಟು ಬಂದು ಟ್ರಂಕನ್ನು ಧಡ್ಡನೆ ಮುಚ್ಚಿದೆ. ಸಿಟ್ಟಿಗಿಂತ ಅಳು ಹೆಚ್ಚು ಬಂದಿತ್ತು, ಅದನ್ನು ಅವಳೆದುರು ತೋರಿಸಲು ಮನಸ್ಸಿರಲಿಲ್ಲ. ಕಾಲಿಗೆ ಬಿದ್ದೆ, ಅವಳು ತಲೆ ಸವರಿದಳು, ನಾನು ಬಸ್ಸು ಹತ್ತಿದೆ. ಹೋಗಿ ಬರ್ತೀನಿ ಎಂದು ಸಹ ಹೇಳಲಿಲ್ಲ. ಹುಬ್ಬಳ್ಳಿಯವರೆಗೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ನೋಡದೆ ಕಿಟಕಿಯ ಹೊರಗೆ ನೋಡುತ್ತ ಹೋದೆ.

ಒಂದು ಮಾತು ಒಪ್ಪಬೇಕು, ಚೀಲ ಕೆಲಸ ಮಾಡಿತು. ವಿಮಾನ ನಿಲ್ದಾಣಗಳಲ್ಲಿ ಅದನ್ನು ಯಾರೂ ತಿರುಗಿ ನೋಡಲಿಲ್ಲ. ಹಾಸಿಗೆಯ ಒಂದು ತುಂಡನ್ನು ಹೊತ್ತುಕೊಂಡು ಹೊರಟ ಹೆಂಗಸು ಎಂದುಕೊಂಡಿರಬೇಕು. ವಿಮಾನದಲ್ಲಿ ಸಾಹುಕಾರರ ಹೆಂಡತಿ, ನಾನು ವೈನಿ ಎನ್ನುತ್ತೇನೆ, ಅದನ್ನು ತಲೆಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಿದ್ದೆ ಮಾಡಿದರು. ಎದ್ದು, "ಭಾಳ ಛಂದ ನಿದ್ದಿ ಬಂತ್ರಿ," ಎಂದರು.

ನ್ಯೂಜಿಲೆಂಡಿನಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ. ತಿನ್ನುವ ವಸ್ತು, ಕಾಳು, ಬೀಜ ಇದೆಯೇ ಎಂದು ಕೇಳಿದ್ದಕ್ಕೆಲ್ಲ ಇಲ್ಲ ಎಂದು ಉತ್ತರಿಸಿ, ಗುಂಪಿನ ಜೊತೆ ಸಾಲಿನಲ್ಲಿ ನಿಂತಿದ್ದೆ. ಒಬ್ಬ ಹೆಣ್ಣು ಅಧಿಕಾರಿ ಹಗ್ಗ ಹಿಡಿದು ಒಂದು ಸಣ್ಣ ನಾಯಿಯನ್ನು ಕರೆತಂದಳು. ಉದ್ದ ಕಿವಿ, ಗಂಭೀರ ಮುಖ, ಮೈಮೇಲೆ ಸರಕಾರಿ ಅಂಗಿ. ನಾಯಿ ಸಾಲಿನುದ್ದಕ್ಕೂ ದೊಡ್ಡ ದೊಡ್ಡ ಸೂಟ್‌ಕೇಸುಗಳನ್ನು ಮೂಸಿ ಮುಂದೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ನಾಯಿ ಬಂದು ನನ್ನ ಮುಂದೆ ಕುಳಿತು, ಚೀಲವನ್ನೇ ನೋಡಿತು. ಮೂರು ಊರು ಸುತ್ತಿ ಯಾರ ಕಣ್ಣಿಗೂ ಬೀಳದ ಚೀಲ ಮಾಡಿಸಿಕೊಂಡಿದ್ದೆ. ಈಗ ಆ ದೊಡ್ಡ ಹಾಲಿನಲ್ಲಿ ಇದ್ದ ಅಷ್ಟೂ ಮಂದಿ ಅದನ್ನು ನೋಡುತ್ತಿದ್ದರು.

"ಇಲ್ಲ ಅನಬ್ಯಾಡ್ರಿ ಅಕ್ಕಾರ, ಮರತೇನಿ ಅನ್ರಿ," ಎಂದು ಸಾಹುಕಾರರು ಹಿಂದಿನಿಂದ ಹೇಳಿದರು.

ನನ್ನನ್ನು ಪಕ್ಕದ ಸ್ಟೀಲ್ ಟೇಬಲ್ಲಿಗೆ ಕರೆದೊಯ್ದರು. ಗುಂಪಿನವರೂ ಬೇಲಿಯ ಆಚೆ ಬಂದು ನಿಂತರು. ಕ್ಯಾಮೆರಾ ತೆಗೆದು ಟೇಬಲ್ಲಿನ ಮೇಲೆ ಇಟ್ಟೆ. ಅದನ್ನು ಯಾರೂ ನೋಡಲಿಲ್ಲ. ಬರಿದಾದ ಚೀಲವನ್ನು ಯಂತ್ರದೊಳಗೆ ಕಳಿಸಿ, ಪರದೆಯಲ್ಲಿ ಅಧಿಕಾರಿ ಬೆರಳಿಟ್ಟು ತೋರಿಸಿದಳು. ಚೀಲದ ಅಡಿಯ ಒಂದು ಮೂಲೆಯಲ್ಲಿ ಸಣ್ಣ ಸಣ್ಣ ದುಂಡು ಚುಕ್ಕಿಗಳ ಗುಂಪು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅವು ಜೋಳ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಹೊಲಿದು ಮುಗಿಸುವುದಿಲ್ಲ. ಒಂದು ಚಿಟಿಕೆ ಕಾಳು, ಬೆಲ್ಲದ ಚೂರು, ರೊಟ್ಟಿಯ ತುಣುಕು ಒಳಗಿಟ್ಟು ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತಾರೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರಿಗೂ ಒಳ್ಳೆಯದಲ್ಲ, ಹೊಲಿದವರಿಗೂ ಒಳ್ಳೆಯದಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಇದು ಚೀಲ, ಕೌದಿ ಅಲ್ಲ ಎಂದು ನಾನು ಅಂದುಕೊಂಡಿದ್ದೆ, ಅಷ್ಟೇ. ಚಿಗವ್ವ ಹಾಗೆ ಅಂದುಕೊಂಡಿರಲಿಲ್ಲ. ಮಾತಿಗೆ ಮಾತ್ರ ತಪ್ಪಿರಲಿಲ್ಲ, ನನಗೆ ಏನೂ ಕೊಟ್ಟಿರಲಿಲ್ಲ. ಚೀಲಕ್ಕೆ ಕೊಟ್ಟಿದ್ದಳು.

ಒಳಗೆ ಕಾಳಿದೆ, ಇರುವುದು ನನಗೆ ತಿಳಿದಿರಲಿಲ್ಲ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ತಿನ್ನಲಿಕ್ಕೋ ಎಂದು ಅಧಿಕಾರಿ ಕೇಳಿದಳು. ಅಲ್ಲ ಎಂದೆ. ಬಿತ್ತಲಿಕ್ಕೋ ಎಂದಳು. ಅಲ್ಲ ಎಂದೆ. ಮತ್ತೆ ಯಾರಿಗೆ? ಚೀಲಕ್ಕೆ ಎಂದೆ. ಅವಳು ಚೀಲವನ್ನು ತಿರುಗಿಸಿ ನೋಡಿದಳು. ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎರಡು ದಾರಿ ಇವೆ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ಚೀಲವನ್ನು ಇಲ್ಲಿಯೇ ಬಿಟ್ಟರೆ ಅವರು ಅದನ್ನು ಸುಟ್ಟು ನಾಶ ಮಾಡುತ್ತಾರೆ, ನಾನು ಕ್ಯಾಮೆರಾ ತೆಗೆದುಕೊಂಡು ಈಗಲೇ ಹೋಗಬಹುದು. ಇಲ್ಲವಾದರೆ ಹೊಲಿಗೆ ಬಿಚ್ಚಿ ಒಳಗಿನ ಪ್ರತಿ ಪದರನ್ನೂ ನೋಡಬೇಕು, ಹೊತ್ತು ಹಿಡಿಯುತ್ತದೆ. ಹೊರಗೆ ನಿಂತ ನಮ್ಮ ಗುಂಪಿನ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ.

"ಬಿಟ್ಟು ಬರ್ರಿ ಅಕ್ಕಾರ, ನರಗುಂದಕ್ಕ ಹೋದ ಮ್ಯಾಲೆ ಹತ್ತು ಚೀಲ ಕೊಡಸ್ತೀನಿ," ಎಂದರು ಸಾಹುಕಾರರು.

ಹುಬ್ಬಳ್ಳಿಯವರೆಗೆ ಆ ಚೀಲವನ್ನು ನೋಡಲಾರದೆ ಕೂತವಳು ನಾನೇ. ಈಗ ಅದರ ಬಾರನ್ನು ಎರಡೂ ಕೈಯಿಂದ ಹಿಡಿದಿದ್ದೆ. ಕತ್ತರಿಸಿದ್ದಾದರೇನು, ಅವ್ವನ ಸೀರೆ ಅದರಲ್ಲಿತ್ತು. ತುಂಡಾದರೂ ಇರಲಿ, ಸುಡುವುದು ಬೇಡ. ಬಿಚ್ಚಿರಿ ಎಂದೆ.

ಅಧಿಕಾರಿ ಕೈಗವಸು ಹಾಕಿಕೊಂಡು ಸಣ್ಣ ಕತ್ತರಿಯಿಂದ ಟಾಕುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಚಿಗವ್ವನ ಗಂಟುಗಳು ಸುಲಭಕ್ಕೆ ಬಿಡುವಂಥವಲ್ಲ. ಮೂಲೆ ತೆರೆಯಿತು. ಜೋಳ, ಬೆಲ್ಲ, ಒಣಗಿದ ರೊಟ್ಟಿಯ ಚೂರು ಪ್ಲಾಸ್ಟಿಕ್ ಪಾಕೀಟಿಗೆ ಹೋದವು. ಕಾಳು ಇನ್ನೂ ಒಳಗೆ ಸೇರಿವೆಯೋ ನೋಡಲೆಂದು ಅವಳು ಅಸ್ತರನ್ನು ಪೂರ್ತಿ ಬಿಚ್ಚಿ, ಕೆಂಪು ಅಂಚನ್ನು ಹಿಡಿದು ಮೆಲ್ಲಗೆ ಎಳೆದಳು. ಅಂಚು ಬಂದಿತು. ಎಳೆದಷ್ಟೂ ಬರುತ್ತಲೇ ಇತ್ತು. ಮಡಿಕೆಯ ಹಿಂದೆ ಮಡಿಕೆ, ಸಾಸಿವೆ ಬಣ್ಣದ ಒಡಲು ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ಹೋಗಿ ಕೆಳಗೆ ಇಳಿಯಿತು. ಕೊನೆಗೆ ಸೆರಗು ಬಂದಿತು.

"ಪಟ್ಟೇದ ಅಂಚಿನ ಸೀರಿ ಅಲ್ಲೇನ್ರಿ ಇದು?" ಎಂದರು ವೈನಿ ಬೇಲಿಯ ಆಚೆಯಿಂದ. "ಇಡೀ ಸೀರಿನ ಒಳಗ ಇಟ್ಟಾರಲ್ಲ."

ಇಡೀ ಸೀರೆ. ಎಲ್ಲಿಯೂ ಕತ್ತರಿ ತಾಗಿರಲಿಲ್ಲ. ಅಂಚಿನುದ್ದಕ್ಕೂ ಸೂಜಿಯ ತೂತುಗಳಿದ್ದವು, ಒಗೆದರೆ ಹೋಗುವಂಥವು. ನಾನು ಅಲ್ಲಿಯೇ ನಿಂತು ಅತ್ತೆ. ಅಧಿಕಾರಿ ನನಗೆ ಒಂದು ಕುರ್ಚಿ ಎಳೆದು ಕೊಟ್ಟಳು. ದಂಡ ಹಾಕುತ್ತಾರೆಂದು ಅಳುತ್ತಿದ್ದೇನೆ ಎಂದುಕೊಂಡಿರಬೇಕು, ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇವೆ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಹೂಂ ಎಂದೆ, ಅಳು ಮಾತ್ರ ನಿಲ್ಲಲಿಲ್ಲ.

ಸೀರೆ ಝಾಡಿಸಿ ನೋಡಿದ್ದಾಯಿತು, ಮಡಚುವುದು ಅವಳಿಗೆ ಬರಲಿಲ್ಲ. ವೈನಿಯನ್ನು ಒಳಗೆ ಕರೆದರು. ಒಂದು ತುದಿ ವೈನಿ ಹಿಡಿದರು, ಇನ್ನೊಂದು ತುದಿ ಅಧಿಕಾರಿ ಹಿಡಿದಳು. ಜಗ್ಗಿ, ಕೂಡಿಸಿ, ಹತ್ತಿರ ಬಂದು, ಮತ್ತೆ ದೂರ ಹೋಗಿ ಇಬ್ಬರೂ ನಮ್ಮ ಅಂಗಳದಲ್ಲಿ ಮಡಚುವ ಹಾಗೆ ಅವ್ವನ ಸೀರೆಯನ್ನು ಮಡಚಿದರು. ಇಬ್ಬರಿಗೂ ನಾನು ನೋಡುತ್ತಿದ್ದೇನೆ ಎಂಬ ಪರಿವೆ ಇರಲಿಲ್ಲ. ನಾನು ಇಷ್ಟು ವರ್ಷ ಕಾದದ್ದು ಇಂಥ ಫೋಟೋಕ್ಕೇ. ಕ್ಯಾಮೆರಾ ಕೈಗೆ ಸಿಗುವ ಹಾಗೆ ಟೇಬಲ್ಲಿನ ಮೇಲೇ ಇತ್ತು. ಇಲ್ಲಿ ಫೋಟೋ ತೆಗೆಯುವಂತಿಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು.

ಬಸ್ಸು ಕಾದಿತ್ತು. ಸಾಹುಕಾರರು ಬಾಗಿಲಲ್ಲಿ ಒಂದು ಕಾಲಿಟ್ಟು ನಿಂತುಕೊಂಡಿದ್ದರಂತೆ.

ಪ್ರವಾಸದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸೀರೆಯನ್ನು ಮತ್ತೆ ಚೀಲದೊಳಗೆ ಸೇರಿಸಿ, ಬಿಚ್ಚಿದ ಕಡೆ ವೈನಿಯ ಸೇಫ್ಟಿ ಪಿನ್ನು ಹಾಕಿ, ಕ್ಯಾಮೆರಾ ಅದರಲ್ಲೇ ಇಟ್ಟುಕೊಂಡು ಅಡ್ಡಾಡಿದೆ. ಕಳ್ಳರು ಯಾರೂ ಬರಲಿಲ್ಲ. ಸಾಹುಕಾರರು ಕುರಿಗಳ ಹಿಂಡು ನೋಡಿ ಮರಿಯ ದರ ಕೇಳಿದರು, ಗುಡ್ಡದ ಮೇಲೆ ಗಾಳಿಯಂತ್ರ ನೋಡಿ, "ಗಜೇಂದ್ರಗಡದಾಗ ಇದಕ್ಕಿಂತ ಹೆಚ್ಚ ಅದಾವ," ಎಂದರು. ಪ್ರತಿಯೊಂದರ ಮುಂದೆಯೂ ಅಂಗಿಯ ಗುಂಡಿ ಹಾಕಿಕೊಂಡು ನಿಂತರು. ನಾನು ತೆಗೆದೆ.

ಮರಳಿ ಬಂದ ದಿನ ಚಿಗವ್ವ ಕಟ್ಟೆಯ ಮೇಲೆಯೇ ಇದ್ದಳು. ನನ್ನ ಮುಖ ನೋಡುವ ಮೊದಲು ಚೀಲ ತೆಗೆದುಕೊಂಡು ಅಡಿಯ ಮೂಲೆಯನ್ನು ಬೆರಳಿನಿಂದ ಹಿಸುಕಿ ನೋಡಿದಳು.

"ಹೊಟ್ಟಿ ಖಾಲಿ ಐತಿ," ಎಂದಳು.

"ಅಲ್ಲಿ ತಗಸಿದ್ರಬೇ."

"ಸೀರಿ?"

"ಐತಿ. ಇಡೀ ಐತಿ." ಪಕ್ಕದಲ್ಲಿ ಕುಳಿತೆ. "ನೀ ಹರದೀ ಅಂತ ತಿಳದು ಮಾತಾಡದ ಹೋದೆ. ಹರದಿಲ್ಲಂತ ಅವತ್ತ ಯಾಕ ಹೇಳಲಿಲ್ಲ?"

"ನೀ ಕೇಳಿದ್ರ ಹೇಳತಿದ್ದೆ. ಎಲ್ಲೈತಿ ಅಂದಿ, ಚೀಲಕ್ಕ ಹಾಕೇನಿ ಅಂದೆ."

"ಬ್ಯಾರೆ ಸೀರಿ ಇದ್ದೂವಲ್ಲ. ಅದನ್ನ ಯಾಕ ಇಟ್ಟಿ?"

ಚಿಗವ್ವ ಸೇಫ್ಟಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ಬಳೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ನಮ್ಮಕ್ಕ ಊರ ಬಿಟ್ಟು ಎಲ್ಲಿ ಹೋಗ್ಯಾಳ? ಗದಗಿನ ದವಾಖಾನಿಗೆ ಹೋಗಿದ್ಲು, ಅದೂ ಮಲಕೊಂಡು. ನೀ ಹೊಂಟಿದ್ದಿ. ಸಂಗಾಟ ಆಕೀನೂ ಒಂದಿಷ್ಟು ಅಡ್ಡಾಡಿ ಬರಲಿ ಅಂತ ಇಟ್ಟೆ," ಎಂದಳು. ಆಮೇಲೆ, "ಖಾಲಿ ಹೊಟ್ಟಿಲೆ ಹ್ಯಾಂಗ ಕಳಸೂದು?" ಎಂದಳು.

ಪಿನ್ನು ತೆಗೆದ ಕಡೆ ಹೊರಗೆ ಇಣುಕಿದ ಕೆಂಪು ಅಂಚನ್ನು ನಾನು ಒಳಗೆ ಸೇರಿಸಿದೆ. 

"ಮತ್ತ, ಆಕಿನ್ನ ಅಲ್ಲಿ ಯಾರರ ಮಾತಾಡಸಿದ್ರೇನು?" ಎಂದು ಚಿಗವ್ವ ಕೇಳಿದಳು.

"ಒಂದು ನಾಯಿ ಮಾತಾಡಸಿತು. ಆಮ್ಯಾಲೆ ದೊಡ್ಡ ಆಫೀಸರು ತನ್ನ ಕೈಲೆ ಮಡಚಿದ್ಲು."

"ಚಲೋ ಆತು," ಎಂದು ಅವಳು ಸೂಜಿ ದಾರ ನನ್ನ ಕಡೆ ಚಾಚಿದಳು. ನಾನು ಪೋಣಿಸಿ ಕೊಟ್ಟೆ. ಆಮೇಲೆ ಹೇಳಿಸಿಕೊಳ್ಳದೆ ಎದ್ದು, ಒಳಗೆ ಹೋಗಿ ಡಬ್ಬಿಯಿಂದ ಒಂದು ಚಿಟಿಕೆ ಜೋಳ ತಂದೆ.